ಅಂಗೈ ಹುಣ್ಣು

ಉಶ್ಶ್... ಮೆಲ್ಲಗೆ ಸಿಸ್ಟರ್, ಕಚ್ಚಿದ ಗಾಯ, ಉರಿಯುತ್ತೆ! ಎಪ್ಪತ್ತು ದಾಟಿದ ಮುದುಕನ ಬಾಯಲ್ಲಿ ಇಷ್ಟು ಹಲ್ಲು ಉಳಿದಿರೋದೇ ಅನ್ಯಾಯ ಅಲ್ವಾ? ಯಾಕೆ, ನಗಲ್ವಾ? ಬೇರೆ ದಿನ ಆಗಿದ್ರೆ ನಕ್ಕಿರ್ತಿದ್ರಿ.

ಸರಿ, ಮೊದಲಿಂದ ಹೇಳ್ತೀನಿ. ನೀವು ಊಟಕ್ಕೆ ಹೋದ್ರಾ? ನಾನು ಆ ಮೂಲೆ ಕೋಣೆಯಲ್ಲಿ ಕಮ್ಮಾರಜ್ಜನ ಮಂಚದ ಪಕ್ಕ ಸ್ಟೂಲ್ ಎಳ್ಕೊಂಡು ಕೂತೆ. ನೀವು ಹೇಳಿಕೊಟ್ಟ ಹಾಗೇ ಸಿಸ್ಟರ್, ಒಂದಕ್ಷರ ತಪ್ಪಿಲ್ಲ. ಅವನಿಗೆ ಕನ್ನಡಕ ಹಾಕ್ದೆ. ಕಿಟಕಿ ತೆಗೆದೆ. 'ಅಜ್ಜಾ, ಇದು ಆಸ್ಪತ್ರೆ, ನಿಮ್ಮ ಸೊಂಟದ ಮೂಳೆಗೆ ಆಪರೇಷನ್ ಆಗಿದೆ, ಈಗ ಮಧ್ಯಾಹ್ನ ಒಂದೂವರೆ' ಅಂತ ಗಿಣಿ ಥರ ಒಪ್ಪಿಸ್ದೆ. ಕೇಳಿದ್ನಾ? ಎದ್ದೇಬಿಟ್ಟ! ಸಲೈನ್ ಸೂಜಿ ಕಿತ್ತ, ರಕ್ತ ಗೋಡೆವರೆಗೆ ಚಿಮ್ತು. ಸ್ಟ್ಯಾಂಡ್ ಎತ್ತಿ ಬೀಸ್ದ ನೋಡಿ... ಕಾದ ಕಬ್ಬಿಣಕ್ಕೆ ಸುತ್ತಿಗೆ ಬೀಸಿದ ಕೈ ಅದು... ಹುಬ್ಬು ಸೀಳ್ತು. ಕತ್ತು ಹಿಡಿದ. ಕಣ್ಣು ಕತ್ತಲೆ ಬಂತು ನಂಗೆ! ಬಾಯಲ್ಲಿ ಬರಬಾರದ ಬೈಗುಳ, ನಮ್ಮಮ್ಮನ್ನೂ ಬಿಡಲಿಲ್ಲ. ಕಚ್ದ. ಆಮೇಲೆ ಮಂಚದಿಂದ ಬಿದ್ದ. ಆ ಸದ್ದು... ಒಣಕಟ್ಟಿಗೆ ಮುರಿದ ಹಾಗೆ. ಇನ್ನೂ ಕಿವಿಯಲ್ಲೇ ಇದೆ.

ಆಪರೇಷನ್ ಥೇಟರಿಂದ ಏನಾದ್ರೂ ಸುದ್ದಿ ಬಂತಾ? ಮತ್ತೆ ಕುಯ್ತಿದಾರಂತೆ, ಹೌದಾ?



ನಿಮ್ಮ ಮೇಲೆ ಸಿಟ್ಟಿಲ್ಲ ಸಿಸ್ಟರ್. ಆದ್ರೆ ಆ ಕಾಗದ ತಂದಿದ್ದು ನೀವೇ ತಾನೆ? ಯಾರೋ ಎಲ್ಲೋ ಸಾವಿರಾರು ರೋಗಿಗಳನ್ನ ನೋಡಿ ಬರೆದ ಸಂಶೋಧನೆ. ಆಪರೇಷನ್ ಆಗಿ ತಲೆ ಗೊಂದಲ ಆದವರನ್ನ ಕಟ್ಟಿದಷ್ಟೂ ಕೆರಳ್ತಾರೆ, ಕಟ್ಟಬೇಡಿ, ಪಕ್ಕ ಕೂತು ಮಾತಾಡ್ಸಿ ಅಂತ. ಮೂರು ತಿಂಗಳು ಈ ವಾರ್ಡಲ್ಲಿ ಮಾಡಿ ನೋಡ್ತೀನಿ ಅಂತ ದೊಡ್ಡ ಡಾಕ್ಟರ ಹತ್ರ ಹಟ ಹಿಡಿದ್ರಿ. ಬರೆದವರಿಗೇನು, ಪೆನ್ನು ಹಿಡಿದ್ರೆ ಮುಗೀತು. ಒದೆ ತಿನ್ನೋರು ನಾವು! ವಾರ್ಡ್ ಬಾಯ್ ಅಂತೀರಿ, ನಲವತ್ತಾರು ವರ್ಷದ ಬಾಯ್! ಆರನೇ ಕ್ಲಾಸಲ್ಲೇ ಶಾಲೆಗೆ ಕೈಮುಗಿದು ಓಡಿಹೋದವನು ನಾನು. ಲಾರಿ ತೊಳೆದೆ, ಹಡಗಲ್ಲಿ ಪಾತ್ರೆ ಉಜ್ಜಿದೆ, ಸರ್ಕಸ್ಸಲ್ಲಿ ಆನೆಗೆ ನೀರು ಹೊಯ್ದೆ. ಎಲ್ಲೂ ಎರಡು ವರ್ಷ ಕೂತವನಲ್ಲ. ಅಂಥವನನ್ನ ಗಂಟೆಗಟ್ಟಲೆ ಸ್ಟೂಲ್ ಮೇಲೆ ಕೂರಿಸ್ತೀರಲ್ಲ! ಆನೇನೂ ಕಟ್ತಾರೆ ಸಿಸ್ಟರ್!

ನಾಳೆ ಬೆಳಗ್ಗೆ ಡಾಕ್ಟರು ತೀರ್ಮಾನ ಮಾಡ್ತಾರೆ, ಕಟ್ಟೋ ಪದ್ಧತಿ ಮತ್ತೆ ಬರುತ್ತೋ ಇಲ್ವೋ ಅಂತ. ನೀವು ವರದಿ ಬರೀಬೇಕು. ಬರೀರಿ, 'ಕಟ್ಟದೇ ಬಿಟ್ಟದ್ದಕ್ಕೇ ಹೀಗಾಯ್ತು.' ಒಂದೇ ಸಾಲು. ತಪ್ಪು ಆ ಕಾಗದದ್ದಾಗುತ್ತೆ, ನಿಮ್ಮ ಮರ್ಯಾದೆಯೂ ನನ್ನ ಹೊಟ್ಟೆಪಾಡೂ ಉಳಿಯುತ್ತೆ.

ಪೆನ್ನು ಯಾಕೆ ಕೆಳಗಿಟ್ರಿ?

ಕೈ ಯಾಕೆ ತಿರುಗಿಸ್ತಿದೀರಿ? ಬಟ್ಟೆ ಸುತ್ತಿ, ಸಾಕು. ಕಚ್ಚಿದ್ದು ಅಂಗೈಗೆ, ಅದರಲ್ಲೇನಿದೆ? ಹೊಡೆದಾಡೋನಿಗೆ ಎಲ್ಲಿ ಕಚ್ಚಿದ ಅಂತ ಲೆಕ್ಕ ಇರುತ್ತಾ? ಮುಷ್ಟಿ ಹಿಡಿದಿದ್ದೆ, ಅವನು... ಅಲ್ಲ, ಮುಷ್ಟಿ ಅಲ್ಲ... ತಳ್ಳೋಕೆ ಹೋದೆ...

ಏನು ಮಾಡ್ತಿದೀರಿ? ನಿಮ್ಮ ಅಂಗೈ ನಿಮ್ಮ ಬಾಯಿ ಮೇಲೆ ಯಾಕೆ ಇಟ್ಕೊಂಡ್ರಿ?

ತೆಗೀರಿ ಸಿಸ್ಟರ್. ತೆಗೀರಿ ಅಂದೆ!

...ಏನಾದ್ರೂ ಬೈಯಿರಿ. ಕೆನ್ನೆಗೆ ಎರಡು ಬಾರಿಸಿ. ಹೀಗೆ ನೋಡಬೇಡಿ.

ಒಂದು ಬೀಡಿ ಸೇದೋಷ್ಟು ಹೊತ್ತು ಸಿಸ್ಟರ್, ಅಷ್ಟೇ! ನಿದ್ದೆ ಮಾಡ್ತಿದ್ದ. ಎದ್ದು ಬಿದ್ದಾನು ಅಂತ ಬ್ಯಾಂಡೇಜ್ ಬಟ್ಟೆಯಲ್ಲಿ ಎರಡೂ ಕೈ ಮಂಚದ ಕಂಬಿಗೆ ಕಟ್ಟಿ ಹೋದೆ. ಸಡಿಲವಾಗೇ ಕಟ್ಟಿದ್ದೆ... ಇಲ್ಲ, ಬಿಗಿಯಾಗೇ ಕಟ್ಟಿದ್ದೆ. ವಾಪಸ್ ಬರುವಾಗ ಬಾಗಿಲಲ್ಲೇ ಅವನ ಕೂಗು ಕೇಳ್ತು. ಯಾರಾದ್ರೂ ಬಂದು ನೋಡಿದ್ರೆ ಅಂತ ಬಾಯಿ ಒತ್ತಿ ಹಿಡಿದೆ. ಆಗ ಕಚ್ದ. ನಾನು ಹೊಡೆದೆ. ಮುಖಕ್ಕೆ, ಮೂರ್ನಾಲ್ಕು ಸಲ. ಅವನು ಬಲಗೈ ಕಿತ್ಕೊಂಡ, ಸ್ಟ್ಯಾಂಡ್ ಸಿಕ್ತು, ಬೀಸ್ದ. ಕಂಬಿ ದಾಟಿ ಆಚೆ ಉರುಳ್ದ. ಎಡಗೈ ಗಂಟು ಹಾಗೇ ಇತ್ತು, ಅರ್ಧ ನೇತಾಡ್ತಿದ್ದ. ಜನ ಬರೋ ಮೊದಲು ಅದನ್ನ ನಾನೇ ಬಿಚ್ಚಿದೆ.

ಬೈದ ಅಂದೆನಲ್ಲ... ಬೈಲಿಲ್ಲ ಸಿಸ್ಟರ್.

ಬೀಡಿ ಸೇದಿ ಬಂದವನು ನಾನು, ನನ್ನನ್ನ ಮಗ ಅಂದ್ಕೊಂಡ. 'ಬಿಚ್ಚೋ ಮಗಾ, ಕೈ ನೋಯ್ತಿದೆ' ಅಂದ.

ಯಾರೋ ನೋಡ್ತಾರೆ ಅಂತಲ್ಲ, ಅದಕ್ಕೇ ಬಾಯಿ ಮುಚ್ಚಿದ್ದು.