ಹದಿಮೂರನೇ ತಿಂಗಳು

ನಂಬಲ್ಲ ನೀವು ಶಫಿ ಭಾಯ್, ಖಂಡಿತ ನಂಬಲ್ಲ! ಬೆಳಗ್ಗೆ ಮೀಟಿಂಗಲ್ಲಿ, ನೀವ್ ಇರ್ಲಿಲ್ಲ, ಆ ಮಹೇಶ... ನಮ್ ಮಹೇಶ ಕಣ್ರೀ, ದಿನಾ ಇದೇ ಕಾರಲ್ಲಿ ನನ್ ಪಕ್ಕ ಕೂತು ಭಾಬಿ ಕಟ್ಟಿಕೊಟ್ಟ ಸಮೋಸ ತಿನ್ನೋನು... ಮ್ಯಾನೇಜರ್ ಎದುರಿಗೆ ನನ್ನ ತೋರಿಸ್‌ಬಿಟ್ಟ! "ಈ ಕೋಡ್ ಕಲ್ಮೇಶ್ ಬರೆದಿದ್ದು" ಅಂತ. ಬೆರಳು ಮಾಡಿ! ಇಬ್ರೂ ಒಂದೇ ಊರೋರು, ರಾಣೆಬೆನ್ನೂರು! ಹಿಂಗಾ ಮಾಡೋದು?

ನಕ್ಕ್ರಾ? ಇಲ್ವಾ? ಕೆಮ್ಮಿದ್ರಾ... ಸರಿ.

ಆಗಿದ್ದಾದ್ರೂ ಏನು? ಮಕ್ಕಳ ಲಸಿಕೆ ಕಾರ್ಡು. ಕ್ಲಿನಿಕ್‌ನೋರು ತಾರೀಕು ಒತ್ತಾರೆ, ನಮ್ ಪ್ರೋಗ್ರಾಂ ಅದನ್ನ ಡೇಟಾಬೇಸಿಗೆ ಹಾಕುತ್ತೆ, ಆವತ್ತು ಬನ್ನಿ ಅಂತ ಮನೆಗೆ ಕಾರ್ಡ್ ಹೋಗುತ್ತೆ. ಅಷ್ಟೇ! ನಾನು ಏಪ್ರಿಲ್ ಏಳನ್ನ 07/04 ಅಂತ ಬರೆದು ಕಳಿಸ್ದೆ. ಚಿಕ್ಕಂದಿನಿಂದ ನೋಟ್‌ಬುಕ್ ಮೂಲೇಲಿ ಹಂಗೇ ಬರೆದಿರೋದಲ್ವಾ, ಮೊದ್ಲು ದಿನ, ಆಮೇಲೆ ತಿಂಗಳು! ಈ ಅಮೆರಿಕದಲ್ಲಿ ತಿಂಗಳೇ ಮೊದ್ಲು, ಇಲ್ಲಿನ ಡೇಟಾಬೇಸ್ ಅದನ್ನ ಓದಿದ್ದು ಜುಲೈ ನಾಲ್ಕು ಅಂತ. ಜುಲೈ ನಾಲ್ಕು! ಇವರ ಸ್ವಾತಂತ್ರ್ಯ ದಿನ, ದೇಶಕ್ಕೆ ದೇಶವೇ ರಜಾ, ಪಟಾಕಿ ಹೊಡೀತಿರ್ತಾರೆ, ಆವತ್ತು ಕೂಸು ಎತ್ಕೊಂಡು ಸೂಜಿ ಚುಚ್ಚಿಸೋಕೆ ಬನ್ನಿ ಅಂತ ಕಾರ್ಡು! ಮಿಲ್ ಕ್ರೀಕ್ ಊರಿಂದ ಒಬ್ಬ ತಾಯಿ ಫೋನ್ ಮಾಡಿ ಕೇಳಿದಾಗ್ಲೇ ಗೊತ್ತಾಗಿದ್ದು. ಅಷ್ಟರಲ್ಲಿ ಇನ್ನೂರು ಮಕ್ಕಳ ದಿನ ತಪ್ಪಿಹೋಗಿತ್ತು.

ಯಾಕ್ ಹಂಗ್ ನೋಡ್ತೀರಾ... ರಸ್ತೆ ನೋಡಿ, ಬ್ರಿಡ್ಜ್ ಮೇಲಿದೀವಿ.

ಹೌದಪ್ಪಾ, ನೀವು ಹೇಳಿದ್ರಿ. ಇದೇ ಬ್ರಿಡ್ಜ್ ಮೇಲೇ ಹೇಳಿದ್ರಿ. "ತಾರೀಕನ್ನ ಬರೀ ಅಕ್ಷರ ಮಾಡಿ ಕಳಿಸ್ಬೇಡ, ತಾರೀಕಾಗೇ ಕೊಡು" ಅಂತ. ಮಾಡ್ತಿದ್ದೆ, ದೇವರಾಣೆಗೂ ಮಾಡ್ತಿದ್ದೆ! ಆದ್ರೆ ಆ ಶುಕ್ರವಾರ ಎರಡು ಗಂಟೆಗೆ ಕೋಡ್ ಒಳಗೆ ಹೋಗ್ಬೇಕಿತ್ತು. ಇಪ್ಪತ್ತೈದನೇ ತಾರೀಕು ಹಾಕಿದ್ರೆ ಡೇಟಾಬೇಸ್ ತಗೊಳ್ತಾನೇ ಇಲ್ಲ. ಇಪ್ಪತ್ತೈದನೇ ತಿಂಗಳು ಎಲ್ಲಿಂದ ತರ್ಲಿ? ಹದಿಮೂರನೇದೇ ಇಲ್ಲ! ಅದಕ್ಕೆ ಒಂದ್ ಸಾಲು ಸೇರಿಸ್ದೆ. ತಗೊಳ್ಳಿಲ್ಲ ಅಂದ್ರೆ ದಿನ, ತಿಂಗಳು ಅದಲುಬದಲು ಮಾಡಿ ಕೊಡು ಅಂತ. ತಗೊಳ್ತು! ಗಪ್‌ಚುಪ್ ತಗೊಳ್ತು! ಹನ್ನೆರಡರ ಒಳಗಿನ ತಾರೀಕು ತಲೆಕೆಳಗಾಗಿ ಕೂತಿರೋದು ಯಾರಿಗ್ ಕಾಣುತ್ತೆ?

ಮಹೇಶಂಗೆ ಕಂಡಿದೆ. ಕಂಡ್ರೆ ಬಾಯಿ ಮುಚ್ಕೊಂಡಿರ್ಬೇಕು ತಾನೇ? ಈಗ ನೋಡಿ, ಕಾರಿಗೂ ಬರ್ಲಿಲ್ಲ. "ಬಸ್ಸಲ್ಲಿ ಹೋಗ್ತೀನಿ, ನಿನ್ ಪಕ್ಕ ಕೂರಲ್ಲ" ಅಂದ. ನನಗೆ! ದ್ರೋಹ ಮಾಡಿದ್ದೂ ಅವನೇ, ಸಿಟ್ಟೂ ಅವನಿಗೇ!

ಯಾಕೆ ಅಂತ ಕೇಳಲ್ವಾ... ಏನಾದ್ರೂ ಮಾತಾಡಿ ಭಾಯ್. ಬೈರಿ ಬೇಕಾದ್ರೆ. ರೇಡಿಯೋನಾದ್ರೂ ಹಾಕಿ...

ಅಲ್ಲ... ನಿಮ್ ಆಫೀಸ್ ಬ್ಯಾಡ್ಜ್ ಎಲ್ಲಿ? ಈ ಕನ್ನಡೀಗೆ ನೇತಾಡ್ತಿರುತ್ತಲ್ಲ. ಮನೇಲಿ ಮರೆತ್ರಾ? ಇಲ್ಲ, ಬೆಳಗ್ಗೆ ಇತ್ತು, ನಾನೇ ನೋಡಿದೀನಿ... ಮಧ್ಯಾಹ್ನ ನಿಮ್ಮನ್ನ ಕರೆದ್ರಾ?

ಇಸ್ಕೊಂಡ್‌ಬಿಟ್ರಾ? ಕೆಲ್ಸದಿಂದಾನೇ ತೆಗೆದ್ರಾ?

ಭಾಯ್... ಒಂದ್ ನಿಮಿಷ. ಕೋಡ್ ಹಾಕೋವಾಗ ಒಂದ್ ಜಾಗ ಇರುತ್ತಲ್ಲ, ಇದನ್ನ ನೋಡಿ ಒಪ್ಪಿದ ಸೀನಿಯರ್ ಯಾರು ಅಂತ. ಖಾಲಿ ಬಿಟ್ರೆ ಒಳಗೇ ಹೋಗಲ್ಲ. ಆ ಶುಕ್ರವಾರ ನೀವು ನಮಾಜ್‌ಗೆ ಹೋಗಿದ್ರಿ... ಬಂದ್ಮೇಲೆ ತೋರಿಸಿದ್ರಾಯ್ತು ಅಂತ ನಿಮ್ ಹೆಸರು ಹಾಕ್ದೆ. ಆಮೇಲೆ ಮರೆತೋಯ್ತು. ಇಲ್ಲ... ಮರೀಲಿಲ್ಲ. ಬೈತೀರಿ ಅಂತ ತೋರಿಸ್ಲಿಲ್ಲ. ಬೆಳಗ್ಗೆ ಮ್ಯಾನೇಜರ್ "ನಿಜವಾಗ್ಲೂ ಶಫಿ ಇದನ್ನ ನೋಡಿದ್ರಾ?" ಅಂತ ಕೇಳಿದ. ಮಹೇಶ ಮೇಜಿನ ಕೆಳಗೆ ನನ್ ಕಾಲು ತುಳಿದ, ನಿಜ ಹೇಳೋ ಅಂತ. ನಾನು... "ಹೂಂ" ಅಂದೆ. ಒಂದೇ ಒಂದು ಹೂಂ, ಭಾಯ್!

ಕಾರ್ ಯಾಕ್ ನಿಲ್ಸಿದ್ರಿ? ಮನೆ ಬಂದಿಲ್ಲ, ಸಮಾಮಿಶ್ ಇನ್ನೂ ದೂರ ಇದೆ...

ಇಳೀತೀನಿ. ಇಳೀತೀನಿ ಭಾಯ್, ಬೆಲ್ಟ್ ಬಿಚ್ತಿದೀನಿ. ಒಂದೇ ಒಂದ್ ಮಾತು ಹೇಳ್ಬಿಡಿ... ಕೆಲ್ಸಕ್ಕೆ ಸೇರಿ ಆರು ತಿಂಗಳು, ಅಷ್ಟೂ ಜನರ ಕಣ್ಣು ನನ್ ಮೇಲೆ... ಆ ಕುರ್ಚೀಲಿ ನೀವೇ ಕೂತಿದ್ದಿದ್ರೆ, ಏನ್ ಮಾಡ್ತಿದ್ರಿ?