ಬೈಕ್ ನಿಲ್ಲಿಸುವ ಪಾಠ

ಸಂಡೂರಿನ ಬಸ್ ನಿಲ್ದಾಣದಲ್ಲಿ ಹೊಸಪೇಟೆ ಬಸ್ಸಿಗೆ ಕಾಯುತ್ತಿದ್ದ ಶ್ರೀಪ್ರಿಯಾಳ ಎದುರಿಗೇ ಬೈಕೊಂದು ಬಂದು ನಿಂತಿತು. ಓಡಿಸುತ್ತಿದ್ದವಳು ಹೆಂಡತಿ. ಹಿಂದೆ ಕಣ್ಣು ಮುಚ್ಚಿ ಕುಳಿತಿದ್ದವನು ಕಾರ್ಖಾನೆಯ ಸಮವಸ್ತ್ರ ತೊಟ್ಟ ಗಂಡ. ಶ್ರೀಪ್ರಿಯಾ ಮೊಬೈಲು ನೋಡುತ್ತಿದ್ದರೂ ಕಿವಿ ಅತ್ತಲೇ ಇತ್ತು.

“ಕಣ್ಣು ತೆಗೀರಿ, ನಿಂತೈತಿ.”

“ತುಳಸಿ, ನಾ ತೋರಣಗಲ್ಲಿನ ಬಸ್ ಹತ್ತಿದ್ರ ಚೋರನೂರಿಗೆ ನೀ ಒಬ್ಬಾಕೀನ ಹೋಗಬೇಕು. ಹೆಂಗ ನಿಲ್ಲಿಸ್ತಿ, ಹೇಳು ನೋಡೂಣು.”

“ರೇಸ್ ಬಿಡ್ತೀನಿ, ಎರಡೂ ಬ್ರೇಕ್ ಮೆಲ್ಲಕ ಹಿಡೀತೀನಿ, ನಿಲ್ಲೂ ಮುಂದ ಕ್ಲಚ್ ಒತ್ತತೀನಿ.”

“ಮೊನ್ನೆ ಬರೇ ಮುಂದಿನ ಬ್ರೇಕ್ ಹಿಡಿದು ಇಬ್ರನ್ನೂ ಉಸುಕಿನಾಗ ಕೆಡವಿದೆಲ್ಲ?”

“ನೀವು ಕಿವ್ಯಾಗ ‘ಹಿಡಿ, ಹಿಡಿ’ ಅಂತ ಒದರಿದ್ರಿ. ಸಿಕ್ಕಿದ್ದು ಹಿಡಿದೆ.”

“ನಿಂತ ಮ್ಯಾಲೆ?”

“ನ್ಯೂಟ್ರಲ್ ಮಾಡಿ, ಕೀ ಆಫ್ ಮಾಡಿ, ಸ್ಟ್ಯಾಂಡ್ ಹಾಕ್ತೀನಿ. ಇಳೀರಿ, ನಿಮ್ಮ ಬಸ್ ಬಂತು.”

ಅವನು ಇಳಿಯಲಿಲ್ಲ. “ಇವತ್ತು ರಜಾ ಹಾಕ್ಲೇನು?”

“ಬ್ಯಾಡ್ರಿ. ನೀವು ಹಿಂದ ಕುಂತ್ರನ ನನಗ ಭಾಳ ಹೆದರಿಕಿ.”

ಅವನು ನಗುತ್ತಾ ಇಳಿದು ಓಡಿದ. ಇನ್ನೂ ಉರುಳುತ್ತಿದ್ದ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಡಹೋದ.

“ರೀ! ಪೂರಾ ನಿಲ್ಲಲಿ, ಆಮ್ಯಾಲೆ ಹತ್ರಿ!”

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಅವನು ಕಾಲು ಹಿಂದಕ್ಕೆಳೆದುಕೊಂಡು, ಬಸ್ಸು ನಿಂತ ಮೇಲೆ ಹತ್ತಿದ. ತುಳಸಿ ಬೈಕು ತಿರುಗಿಸಿ ಚೋರನೂರಿನ ದಾರಿ ಹಿಡಿದಳು.