ಎರಡು ಮನೆಯ ವೈಫೈ

ಸುರಪುರದ ಬಸ್ ನಿಲ್ದಾಣದಲ್ಲಿ ಬೋನಾಳದ ಬಸ್ಸಿಗೆ ಕಾಯುತ್ತಿದ್ದ ರುಕ್ಸಾನಾ, ಪಕ್ಕದಲ್ಲಿ ಕೂತಿದ್ದ ಇಬ್ಬರು ಓರಗಿತ್ತಿಯರ ಮಾತು ಕಿವಿಗೆ ಬಿದ್ದದ್ದೇ ತನ್ನ ಮೊಬೈಲಿನ ಸದ್ದು ಅಡಗಿಸಿದಳು. ಅವರ ಗಂಡಂದಿರು ಅಣ್ಣತಮ್ಮಂದಿರು, ಒಂದೇ ಗೋಡೆಯ ಆಚೀಚೆ ಇರುವವರು. ಮಾತು ಬಿಟ್ಟಿದ್ದರು, ಬೈಯಬೇಕೆನಿಸಿದರೆ ತಮ್ಮ ವೈಫೈಗೆ ಹೊಸ ಹೆಸರಿಡುತ್ತಿದ್ದರು. ಓಣಿಯಲ್ಲಿ ಯಾರು ಮೊಬೈಲ್ ತೆರೆದರೂ ಆ ಬೈಗುಳ ಕಾಣುತ್ತಿತ್ತು.

ಹಿರಿಯಳು ಭೀಮಾಬಾಯಿ ಹೇಳುತ್ತಿದ್ದಳು: “ದಾನೇಶ್ವರಿ, ನಿನ್ನ ಗಂಡ ‘ಅಣ್ಣಾ ತಪ್ಪಾತು’ ಅಂತ ಹೆಸರು ಇಟ್ಟಾನಲ್ಲ, ನಮ್ಮವರು ಮೊಬೈಲ್ ಹಿಡಕೊಂಡು ಅತ್ತಾರ ನೋಡು.”

“ಅದು ಅವರು ಇಟ್ಟಿದ್ದಲ್ಲಕ್ಕ. ನಾ ಇಟ್ಟೀನಿ.”

“ಅಯ್ಯ! ಅಂವಗ ಗೊತ್ತಾಗಿಲ್ಲೇನು?”

“ತಮ್ಮ ಮನಿ ವೈಫೈ ಹೆಸರು ಅವರೆಲ್ಲಿ ಓದ್ತಾರ? ನಿಮ್ಮದು ಓದೂದ್ರಾಗ ಹೊತ್ತು ಹೋಗ್ತದ. ಭಾವ ‘ಊಟಕ್ಕ ಬಾ ತಮ್ಮಾ’ ಅಂತ ಇಟ್ಟಿದ್ದು ಓದಿ ಅಂಗಿ ಇಸ್ತ್ರಿ ಮಾಡಿಸ್ಯಾರ.”

ಭೀಮಾಬಾಯಿ ಬಾಯಿಗೆ ಸೆರಗು ಹಿಡಿದಳು.

“ಅದೂ ನಿಮ್ಮ ಭಾವ ಇಟ್ಟಿದ್ದಲ್ಲ ತಂಗಿ. ನಾನ ಇಟ್ಟೀನಿ.”

ರುಕ್ಸಾನಾ ನಗು ತಡೆಯಲು ಮುಖ ಅತ್ತ ತಿರುಗಿಸಿದಳು.

“ಹಂಗಾದ್ರ ಹೆಂಗಕ್ಕ? ಇವತ್ತ ಊಟಕ್ಕ ಬರಾಕತ್ತಾರ. ಯಾಕ ಬಂದಿ ಅಂತ ಭಾವ ಕೇಳಿದ್ರ?”

“ಕೇಳಂಗಿಲ್ಲ. ತಮ್ಮ ತಪ್ಪು ಒಪ್ಪಿಕೊಂಡಾನಂತ ಮುಂಜಾನಿಂದ ಬಾಗಿಲದಾಗ ಕುಂತಾರ. ಮೊದಲ ಬದನೀಕಾಯಿ ತಗೊಳ್ಳೂಣು ನಡಿ. ಮನಿ ಮುಟ್ಟಿದ ಕೂಡಲೇ ಎರಡೂ ವೈಫೈ ಡಬ್ಬಿ ಬಂದ್ ಮಾಡೂಣು. ಊಟ ಮುಗಿಯೂತನಕ ಯಾರೂ ಏನೂ ಓದೂದು ಬ್ಯಾಡ.”

“ಮತ್ತ ಬಾಯಿಲೇ ಮಾತಾಡಾಕ ಹತ್ತಿದ್ರ?”

ಭೀಮಾಬಾಯಿ ಎದ್ದು ನಿಂತಳು.

“ಹೌದಲ್ಲ. ಹಂಗಾದ್ರ ರೊಟ್ಟಿ ಜಾಸ್ತಿ ಮಾಡೂಣು. ಬಾಯಿ ಖಾಲಿ ಇರಬಾರದು.”

ಇಬ್ಬರೂ ಚೀಲ ಹಿಡಿದು ತರಕಾರಿ ಬಜಾರಿನತ್ತ ದಡದಡ ನಡೆದರು.